ಬಾವಿಗೋಡೆಯ ಲಿವರ್‌ವರ್ಟ್ ಕಲ್ಲಾಗುವುದು ಹೇಗೆ ಮಾರಾಯ್ರೆ?

ಬಾವಿಕಟ್ಟೆ, ಉಡುಪಿ

ಮಗಳು ಬಿಎಸ್ಸಿ ಎರಡನೇ ವರ್ಷ. ಅವಳ ಬಾಟನಿ ನೋಟ್ಸಿನಲ್ಲಿ ಒಂದು ಸಾಲು ಉಂಟು: ನೆಲಕ್ಕೆ ಮೊದಲು ಬಂದ ಗಿಡ ಲಿವರ್‌ವರ್ಟ್, ಪಳೆಯುಳಿಕೆಗಳಿಂದ ಇದು ಸಾಬೀತಾಗಿದೆ. ಪರೀಕ್ಷೆಗೆ ಅಷ್ಟು ಸಾಕಂತೆ. ನನಗೆ ಸಾಕಾಗಲಿಲ್ಲ.

ಯಾಕೆಂದರೆ ಈ ಗಿಡವನ್ನು ನಾನು ವರ್ಷಾ ವರ್ಷಾ ನೋಡುತ್ತೇನೆ. ನಮ್ಮದು ಮುರಕಲ್ಲಿನ ಬಾವಿ. ಜೂನ್ ಮಳೆ ಹಿಡಿದ ಮೇಲೆ ಒಳಗೋಡೆಯ ನೆರಳಿನ ಬದಿಯಲ್ಲಿ ತೆಳ್ಳನೆಯ ಪೊರೆ ಹರಡುತ್ತದೆ. ಬಣ್ಣ ಹಸಿರಿಗಿಂತ ಹಳದಿ ಜಾಸ್ತಿ. ಎಲೆಯಿಲ್ಲ, ಕಾಂಡವಿಲ್ಲ, ತುದಿ ಮಾತ್ರ ಎರಡೆರಡಾಗಿ ಕವಲೊಡೆದಿರುತ್ತದೆ. ಬಗ್ಗಿ ನೋಡಿದರೆ ಒಂದು ಕೋನದಲ್ಲಿ ಮಿನುಗುತ್ತದೆ. ಉಗುರಲ್ಲಿ ಕೆರೆದರೆ ಲೋಳೆ. ದೀಪಾವಳಿ ಹೊತ್ತಿಗೆ ಹುಡುಕಿದರೂ ಸಿಗುವುದಿಲ್ಲ. ಮಗಳೇ ಹೇಳಿದ್ದು, ಅದು ಲಿವರ್‌ವರ್ಟ್ ಅಂತ.

ನಾಲ್ಕು ತಿಂಗಳು ಬಾಳದ ಈ ಲೋಳೆ ಕಲ್ಲಾಗಿ 40 ಕೋಟಿ ವರ್ಷ ಉಳಿದಿದೆ ಎಂದರೆ ಹೇಗೆ ನಂಬುವುದು? ಡೈನೋಸಾರ್ ಮೂಳೆ ಸರಿ. ಮರದ ಕಾಂಡವೂ ಸರಿ. ಇದು?

ಇನ್ನೊಂದು. ನಮ್ಮ ಕಡೆ ಇಷ್ಟು ಕಲ್ಲಿನ ಕೋರೆಗಳಿವೆ. ಮುರಕಲ್ಲು ಕಡಿಯುವಾಗ ಇಂಥದ್ದು ಸಿಗುವ ಸಾಧ್ಯತೆ ಉಂಟಾ?

ಗೂಗಲ್ ಮಾಡಿ ಎನ್ನಬೇಡಿ, ಮಾಡಿ ಆಯಿತು. ಒಂದು ಕಡೆ 47 ಕೋಟಿ ವರ್ಷ ಅಂತ ಉಂಟು, ಇನ್ನೊಂದು ಕಡೆ 38 ಕೋಟಿ. ನಡುವೆ 9 ಕೋಟಿ ವರ್ಷ ಎಲ್ಲಿ ಹೋಯಿತು?

ಪಡುಗಾಳಿ, ಪಣಂಬೂರು

ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ. ಪ್ರಶ್ನೆಯೇ ಇರುವುದಿಲ್ಲ.

ಹಳೆ ಲ್ಯಾಬು, ಮಣಿಪಾಲ

ಪಡುಗಾಳಿಯವರೇ, ಕುಡಿಯುವ ನೀರಿನ ಬಾವಿ ಅದು, ಸ್ವಲ್ಪ ನೋಡಿ.

ಬಾವಿಕಟ್ಟೆಯವರೇ, ನೀವು ಹೇಳಿದ ಲಕ್ಷಣ ನೋಡಿದರೆ ಅದು ಬಹುಶಃ ಸಯಾಥೋಡಿಯಂ. ನೆರಳಿನ ಮುರಕಲ್ಲಿಗೆ ಮಳೆಗಾಲದಲ್ಲಿ ಅಂಟಿಕೊಳ್ಳುವ ಗಿಡ. ಆ ಮಿನುಗು ಅದರ ಗುರುತೇ. ಸ್ವಂತ ಬೆಳಕಲ್ಲ, ಒಳಗೆ ಹೋದ ಬೆಳಕು ತಿರುಗಿ ಬರುವುದು. ನಾನು ಬಾಟನಿ ಪ್ರಾಕ್ಟಿಕಲ್ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಮಕ್ಕಳಿಗೆ ತೋರಿಸಲು ಇದನ್ನು ಬ್ಲೇಡಿನಲ್ಲಿ ಎಬ್ಬಿಸಿ ತರುತ್ತಿದ್ದೆ. ತರಗತಿ ಶುರುವಾಗುವಷ್ಟರಲ್ಲಿ ಅರ್ಧ ಮುದುಡಿರುತ್ತಿತ್ತು. ಹಾಗಾಗಿ ನಿಮ್ಮ ಅನುಮಾನ ನನಗೆ ಅರ್ಥವಾಗುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಪದಾರ್ಥ ಇದರಲ್ಲಿ ಇಲ್ಲ. ಸತ್ತರೆ ಕೊಳೆಯುವುದೇ.

ಆದರೆ ಇಡೀ ಗಿಡ ಕೊಳೆತರೂ ಒಂದು ವಸ್ತು ಕೊಳೆಯುವುದಿಲ್ಲ. ಸ್ಪೋರ್, ಅಂದರೆ ಇಂಥ ಗಿಡ ಬೀಜದ ಬದಲು ಉದುರಿಸುವ ಧೂಳಿನಂಥ ಕಣ. ಅದರ ಹೊರಗೋಡೆ ಸ್ಪೋರೊಪೊಲೆನಿನ್ ಎಂಬ ಪದಾರ್ಥದ್ದು. ಮಹಾ ಗಟ್ಟಿ. ಕಲ್ಲಿನೊಳಗಿನ ಸ್ಪೋರ್ ತೆಗೆಯುವವರು ಮಾಡುವುದೇನು ಗೊತ್ತಾ? ಕಲ್ಲನ್ನೇ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿಬಿಡುತ್ತಾರೆ. ಕಲ್ಲು ಹೋಗುತ್ತದೆ, ಸ್ಪೋರ್ ಉಳಿಯುತ್ತದೆ.

ನಿಮ್ಮ ಎರಡು ಸಂಖ್ಯೆಗಳ ಗುಟ್ಟು ಇಲ್ಲೇ ಇದೆ. 47 ಕೋಟಿ ಎನ್ನುವುದು ಸ್ಪೋರ್‌ಗಳ ವಯಸ್ಸು. ಗಿಡದ್ದಲ್ಲ. ಅರ್ಜೆಂಟೀನಾದ ವಾಯವ್ಯ ಭಾಗದ ಕಲ್ಲಿನಲ್ಲಿ ಕ್ಲೌಡಿಯಾ ರೂಬಿನ್‌ಸ್ಟೈನ್ ಮತ್ತು ಜೊತೆಗಾರರು ಅವನ್ನು ಕಂಡು 2010ರಲ್ಲಿ ಪ್ರಕಟಿಸಿದರು. ಇವಕ್ಕೆ ಕ್ರಿಪ್ಟೋಸ್ಪೋರ್ ಎನ್ನುತ್ತಾರೆ. ಹೆಚ್ಚಿನವು ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಈಗಿನ ಗಿಡಗಳ ಸ್ಪೋರ್ ಸಾಮಾನ್ಯವಾಗಿ ಒಂದೊಂದಾಗಿ ಬಿಡಿಬಿಡಿ ಉದುರುತ್ತದೆ. ಇವು ಹಾಗಲ್ಲ. ಎರಡು ಅಥವಾ ನಾಲ್ಕು ಒಟ್ಟಿಗೆ ಅಂಟಿಕೊಂಡೇ ಇರುತ್ತವೆ, ಎಷ್ಟೋ ಸಲ ಒಂದೇ ಹೊದಿಕೆಯೊಳಗೆ.

ಇವತ್ತಿಗೂ ನಾಲ್ಕನ್ನು ಬಿಡಿಸದೆ ಹಾಗೇ ಉದುರಿಸುವ ಗಿಡಗಳಿವೆಯಾ? ಇವೆ. ಸ್ಫೀರೋಕಾರ್ಪಸ್, ಮತ್ತೆ ರಿಕ್ಸಿಯಾದ ಕೆಲವು. ಎಲ್ಲವೂ ಲಿವರ್‌ವರ್ಟ್‌ಗಳೇ. ಅಮೆರಿಕದ ಜೇನ್ ಗ್ರೇ ಎಂಬವರು ಇದನ್ನೇ ಹಿಡಿದು, ಆ ಹಳೆ ಸ್ಪೋರ್‌ಗಳ ಹಿಂದೆ ಲಿವರ್‌ವರ್ಟ್ ಮಟ್ಟದ ಗಿಡಗಳಿದ್ದವು ಎಂದು 1980ರ ದಶಕದಲ್ಲಿ ಗಟ್ಟಿಯಾಗಿ ವಾದಿಸಿದರು. ಆಗ ಅವರ ಮಾತಿಗೆ ವಿರೋಧ ಸಾಕಷ್ಟಿತ್ತು. ಗಿಡವೇ ಇಲ್ಲ, ಬರೀ ಸ್ಪೋರ್ ಹಿಡಿದು ಗಿಡ ಹೇಳುವುದು ಹೇಗೆ ಅಂತ. ನ್ಯಾಯವಾದ ಪ್ರಶ್ನೆಯೇ.

2003ರಲ್ಲಿ ಸ್ವಲ್ಪ ಗಟ್ಟಿ ಆಧಾರ ಸಿಕ್ಕಿತು. ಒಮಾನ್‌ನಲ್ಲಿ ನೆಲ ಕೊರೆದು ತೆಗೆದ ಕಲ್ಲಿನಲ್ಲಿ, ಸುಮಾರು 45 ಕೋಟಿ ವರ್ಷ ಹಳೆಯದರಲ್ಲಿ, ಚಾರ್ಲ್ಸ್ ವೆಲ್‌ಮನ್ ತಂಡಕ್ಕೆ ಸ್ಪೋರ್ ಚೀಲದ ಚೂರುಗಳು ಸಿಕ್ಕವು. ಚೀಲದ ಒಳಗೆ ಸ್ಪೋರ್‌ಗಳ ಗುಂಪು. ಅಂದರೆ ಇವು ಗಾಳಿಯಲ್ಲಿ ಬಂದು ಬಿದ್ದ ಪಾಚಿಯ ಚೂರಲ್ಲ, ಗಿಡದ ಅಂಗದೊಳಗೆ ತಯಾರಾದವು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಆ ಸ್ಪೋರ್‌ಗೋಡೆಯ ಪದರ ನೋಡಿದಾಗ ಲಿವರ್‌ವರ್ಟ್‌ಗೆ ಹತ್ತಿರ ಅನ್ನಿಸಿತು. ಹತ್ತಿರ, ಅಷ್ಟೇ. ನಿಮ್ಮ ಮಗಳ ನೋಟ್ಸಿನಲ್ಲಿರುವ "ಸಾಬೀತು" ಎನ್ನುವ ಮಾತು ಬರೆದವರ ಅವಸರ.

ಇನ್ನು 38 ಕೋಟಿಯ ವಿಷಯ. ಇದು ಗಿಡವೇ. ನನಗೆ ಎಲ್ಲಕ್ಕಿಂತ ಇಷ್ಟವಾದ್ದೂ ಇದೇ.

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಕ್ಯಾಟ್‌ಸ್ಕಿಲ್ ಎಂಬ ಬೆಟ್ಟಗಳಿವೆ. ಡೆವೋನಿಯನ್ ಎನ್ನುವ ಆ ಕಾಲದಲ್ಲಿ ಅದು ನದಿಗಳು ಬಂದು ಹರಡುವ ಮುಖಜ ಭೂಮಿ. ನೆರೆ ಬಂದಾಗಲೆಲ್ಲ ನುಣ್ಣನೆ ಕೆಸರು ಪದರ ಪದರವಾಗಿ ಕೂರುತ್ತಿತ್ತು. ಆ ಕೆಸರಿನಡಿ ಸಿಕ್ಕಿಕೊಂಡ ಗಿಡಕ್ಕೆ ಗಾಳಿ ತಾಗುವುದಿಲ್ಲ, ಹಾಗಾಗಿ ಕೊಳೆಯುವುದು ನಿಧಾನ. ಅಂಥ ಕಲ್ಲಿನಲ್ಲಿ ಫ್ರಾನ್ಸಿಸ್ ಹ್ಯೂಬರ್ 1961ರಲ್ಲಿ ಒಂದು ಲಿವರ್‌ವರ್ಟ್ ವಿವರಿಸಿದರು. ಬಹಳ ಕಾಲ ಅದೇ ಅತ್ಯಂತ ಹಳೆಯದು. 2008ರಲ್ಲಿ ಅದೇ ಪ್ರದೇಶದಿಂದ ಇನ್ನೂ ಹಳೆಯದು ಬಂತು, ಮೆಟ್ಜ್‌ಗೀರಿಯೋಥ್ಯಾಲಸ್ ಶರೋನೆ. ಸುಮಾರು 38.5 ಕೋಟಿ ವರ್ಷ. ಆಮೇಲೆ 2012ರಲ್ಲಿ ಚೀನಾದ ಯುನ್ನಾನ್‌ನಿಂದ ಸುಮಾರು 41 ಕೋಟಿ ವರ್ಷದ ಇನ್ನೊಂದನ್ನು ವಿವರಿಸಿದರು. ಅಲ್ಲಿಗೆ ನಿಮ್ಮ 9 ಕೋಟಿಯ ಕಂದಕ ಆರಕ್ಕೆ ಇಳಿಯಿತು.

ಶರೋನೆಯನ್ನು ಹತ್ತಿರದಿಂದ ನೋಡಿದರೆ ಅದೊಂದು ಕಪ್ಪು ರಿಬ್ಬನ್. ನಡುವೆ ನರದಂತೆ ಒಂದು ಗೆರೆ, ಎರಡೂ ಬದಿಗೆ ಒಂದೇ ಪದರದ ತೆಳು ರೆಕ್ಕೆ. ಈ ರೆಕ್ಕೆಯಲ್ಲಿ ಒಂದೊಂದು ಜೀವಕೋಶದ ಗಡಿಯೂ ಕಾಣುತ್ತದೆ. ಅವುಗಳ ಮಧ್ಯೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಅಲ್ಲಲ್ಲಿ ಕೆಲವು ಜೀವಕೋಶ ಮಾತ್ರ ಕಡುಕಪ್ಪು. 2014ರಲ್ಲಿ ಕಾನ್ರಾಡ್ ಲ್ಯಾಬಂಡೈರಾ ಮತ್ತು ಇತರರು ಇದನ್ನು ಕೂಲಂಕಷವಾಗಿ ನೋಡಿ ಎರಡು ವಿಷಯ ಹೇಳಿದರು. ಈ ಗಿಡವನ್ನು ಸಣ್ಣ ಹುಳಗಳು ತಿಂದ ಗುರುತುಗಳಿವೆ. ಮತ್ತೆ ಆ ಕಪ್ಪು ಜೀವಕೋಶಗಳು ಈಗಿನ ಲಿವರ್‌ವರ್ಟ್‌ಗಳಲ್ಲಿರುವ ಎಣ್ಣೆ ತುಂಬಿದ ಜೀವಕೋಶಗಳನ್ನು ಹೋಲುತ್ತವೆ.

ಎಣ್ಣೆಯಿಂದ ಏನಾಗುತ್ತದೆ ಎನ್ನುವುದಕ್ಕೆ ಉತ್ತರ 2020ರಲ್ಲಿ ಬಂತು, ಅದೂ ಜೀವಂತ ಗಿಡದಿಂದ. ಮಾರ್ಕಾಂಶಿಯಾ ಎಂಬ ಈಗಿನ ಲಿವರ್‌ವರ್ಟ್‌ನಲ್ಲಿ ಒಂದು ಜೀನ್ ಕೆಡಿಸಿ, ಎಣ್ಣೆ ಕೋಶ ಇಲ್ಲದ ಗಿಡ ಮಾಡಿದರು. ಹೂಕುಂಡ ಎತ್ತಿದರೆ ಅಡಿಯಲ್ಲಿರುತ್ತದಲ್ಲ, ಮುಟ್ಟಿದ ಕೂಡಲೇ ಗುಂಡಗೆ ಸುರುಟಿಕೊಳ್ಳುವ ಬೂದು ಹುಳ, ಅದಕ್ಕೆ ತಿನ್ನಲು ಕೊಟ್ಟರು. ಮಾಮೂಲಿ ಗಿಡವನ್ನು ಅದು ಅಷ್ಟಾಗಿ ಮುಟ್ಟಲಿಲ್ಲ. ಎಣ್ಣೆ ಇಲ್ಲದ್ದನ್ನು ಚೆನ್ನಾಗಿ ತಿಂದಿತು. ಅಂದಹಾಗೆ ಅದು ಹುಳ ಅಲ್ಲ, ಸೀಗಡಿಯ ದೂರದ ಸಂಬಂಧಿ.

ಅಂದರೆ ಹಕ್ಕಿ ಇಲ್ಲದ, ಹೂವಿಲ್ಲದ ಆ ಕಾಲದಲ್ಲೂ ತಿನ್ನುವವರಿದ್ದರು, ತಿನ್ನದ ಹಾಗೆ ಮಾಡುವ ಮದ್ದೂ ಇತ್ತು. ವಯಸ್ಸಿನ ದಾಖಲೆಗಿಂತ ಇದು ದೊಡ್ಡ ಸುದ್ದಿ ಅಂತ ನನ್ನ ಲೆಕ್ಕ. ಪೇಪರಿನವರು ಮಾತ್ರ "ಅತ್ಯಂತ ಹಳೆಯ" ಎನ್ನುವುದನ್ನೇ ಬರೆಯುತ್ತಾರೆ.

ಕರಿಕಲ್ಲು, ಮಂಗಳೂರು

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ, ಕಲ್ಲು ನನ್ನ ಹೊಟ್ಟೆಪಾಡು.

ಮುರಕಲ್ಲಿನಲ್ಲಿ ಹುಡುಕಬೇಡಿ. ಅದು ಕೆಸರು ಕೂತು ಆದ ಕಲ್ಲಲ್ಲ. ಇದ್ದ ಕಲ್ಲನ್ನು ಮಳೆ ಮತ್ತು ಬಿಸಿಲು ಕೊಳೆಸಿ ಉಳಿಸಿದ್ದು. ಸಿಲಿಕಾ ತೊಳೆದು ಹೋಗುತ್ತದೆ, ಕಬ್ಬಿಣ ಮತ್ತು ಅಲ್ಯುಮಿನಿಯಂ ನಿಲ್ಲುತ್ತದೆ. ಕೆಂಪು ಬಣ್ಣ ಆ ಕಬ್ಬಿಣದ್ದು. ಅಷ್ಟು ಗಾಳಿ, ಅಷ್ಟು ನೀರು ಓಡಾಡುವ ಜಾಗದಲ್ಲಿ ಮರದ ಬೇರೇ ಉಳಿಯುವುದಿಲ್ಲ, ಲಿವರ್‌ವರ್ಟ್ ಎಲ್ಲಿಂದ? 1807ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರಂನಲ್ಲಿ ನೋಡಿದ್ದೂ ಇದೇ ಕಲ್ಲು. ಹಸಿ ಇರುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ.

ಕೆಳಗೆ ಹೋದರೆ ಇನ್ನೂ ನಿರಾಶೆ. ನಮ್ಮ ನೆಲದ ಅಡಿಪಾಯದ ಕಲ್ಲು, ನೈಸ್ (gneiss) ಎನ್ನುತ್ತಾರೆ, ಸುಮಾರು 300 ಕೋಟಿ ವರ್ಷದ್ದು. ಆಗ ನೆಲದ ಮೇಲೆ ಗಿಡವೇ ಇರಲಿಲ್ಲ. ಮಲ್ಪೆಯಿಂದ ಬೋಟಿನಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಸುಮಾರು 9 ಕೋಟಿ ವರ್ಷದವು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಸಮಯ. ವಯಸ್ಸೇನೋ ಸರಿ, ಆದರೆ ಅದು ಲಾವಾ. ಗಿಡ ಸುಟ್ಟು ಹೋಗುತ್ತದೆ. ಅಳಿವೆಯ ಕೆಸರಿನಲ್ಲಿ ಸ್ಪೋರ್, ಪರಾಗ ಎಲ್ಲ ಉಳಿಯುತ್ತದೆ, ಆದರೆ ಅದು ಸಾವಿರಗಳ ಲೆಕ್ಕ, ಕೋಟಿಗಳದ್ದಲ್ಲ.

ಭಾರತದ ಹಳೇ ಗಿಡಗಳ ಕಲ್ಲು ನೋಡಬೇಕಿದ್ದರೆ ಜಾರ್ಖಂಡಿನ ರಾಜಮಹಲ್ ಬೆಟ್ಟ ಪ್ರಸಿದ್ಧ. ಪಳೆಯುಳಿಕೆ ಗಿಡಗಳ ವಿಜ್ಞಾನಿ ಬೀರಬಲ್ ಸಾಹ್ನಿಯವರು ಕೆಲಸ ಮಾಡಿದ ಜಾಗ. ಅವರೇ 1946ರಲ್ಲಿ ಲಕ್ನೋದಲ್ಲಿ ಶುರು ಮಾಡಿದ ಸಂಸ್ಥೆ ಈಗಲೂ ಇದೇ ಕೆಲಸ ಮಾಡುತ್ತಿದೆ. ಮಗಳಿಗೆ ಆಸಕ್ತಿ ಇದ್ದರೆ ಆ ಕಡೆ ನೋಡಲಿ. ಕೋರೆಗೆ ಕಳಿಸಬೇಡಿ, ಅಲ್ಲಿ ಸಿಗುವುದು ಧೂಳು ಮಾತ್ರ.

ಬಾವಿಕಟ್ಟೆ, ಉಡುಪಿ

ಇಬ್ಬರಿಗೂ ಥ್ಯಾಂಕ್ಸ್. ಪಡುಗಾಳಿಯವರಿಗೂ, ಆದರೆ ಬ್ಲೀಚಿಂಗ್ ಬೇಡ.

ಆದರೆ ನೇರ ಉತ್ತರ ಸಿಗಲಿಲ್ಲ. ನೆಲಕ್ಕೆ ಮೊದಲು ಬಂದದ್ದು ಲಿವರ್‌ವರ್ಟ್ ಹೌದೋ ಅಲ್ಲವೋ? ಸ್ಪೋರ್ ಹೋಲುತ್ತದೆ ಅಂತೀರಿ, ಸಾಬೀತಲ್ಲ ಅಂತೀರಿ. ಮಗಳು ಪಕ್ಕದಲ್ಲಿ ಕೂತು ಓದುತ್ತಿದ್ದಾಳೆ. ಪರೀಕ್ಷೆಯಲ್ಲಿ ಏನು ಬರೆಯಲಿ ಅಂತ ಕೇಳುತ್ತಿದ್ದಾಳೆ.

ಹಳೆ ಲ್ಯಾಬು, ಮಣಿಪಾಲ

ಪರೀಕ್ಷೆಯಲ್ಲಿ ನೋಟ್ಸಿನಲ್ಲಿ ಇದ್ದದ್ದೇ ಬರೆಯಲಿ, ಮಾರ್ಕು ಮುಖ್ಯ. ಇಲ್ಲಿ ಬೇರೆ ಮಾತಾಡೋಣ.

ನೇರ ಉತ್ತರ: ಅಲ್ಲ ಎನ್ನುವ ಕಡೆಗೆ ಈಗ ತಕ್ಕಡಿ ವಾಲಿದೆ.

ಹಳೆಯ ವಾದ ಹೀಗಿತ್ತು. ಲಿವರ್‌ವರ್ಟ್‌ಗೆ ಸ್ಟೊಮಾಟಾ ಇಲ್ಲ. ಗಾಳಿ ಒಳಹೊರ ಹೋಗಲು ಗಿಡದ ಮೈಯಲ್ಲಿ ತೆರೆದು ಮುಚ್ಚುವ ಆ ಪುಟ್ಟ ಬಾಯಿ ಹಾವಸೆಗಳಲ್ಲಿ ಉಂಟು, ಕೊಂಬಿನಂಥ ಕಾಯಿ ಬಿಡುವ ಪುಟ್ಟ ಗಿಡ ಹಾರ್ನ್‌ವರ್ಟ್‌ನಲ್ಲಿ ಉಂಟು, ಜರಿಗಿಡದಿಂದ ಹಿಡಿದು ಹಲಸಿನ ಮರದವರೆಗೆ ಎಲ್ಲದರಲ್ಲಿ ಉಂಟು. ಮಾರ್ಕಾಂಶಿಯಾದ ಮೇಲೆ ಕಾಣುವ ರಂಧ್ರ ಬೇರೆ, ಅದು ಸದಾ ತೆರೆದೇ ಇರುವ ತೂತು. ಹಾಗಾದರೆ ಸ್ಟೊಮಾಟಾ ಹುಟ್ಟುವ ಮೊದಲೇ ಲಿವರ್‌ವರ್ಟ್ ಕವಲೊಡೆದಿರಬೇಕು, ಅಲ್ವಾ? 1998ರಲ್ಲಿ ಡಿಎನ್ಎ ಕೂಡ ಹಾಗೇ ಹೇಳಿತು. ಉಳಿದ ನೆಲದ ಗಿಡಗಳ ಮೈಟೋಕಾಂಡ್ರಿಯಾದಲ್ಲಿ ಇರುವ ಮೂರು ಇಂಟ್ರಾನ್‌ಗಳು, ಅಂದರೆ ಜೀನಿನ ನಡುವೆ ಸೇರಿಕೊಂಡ ಡಿಎನ್ಎ ತುಂಡುಗಳು, ಲಿವರ್‌ವರ್ಟ್‌ನಲ್ಲಿ ಇಲ್ಲ, ನೆಲದ ಗಿಡಗಳ ಮೂಲವಾದ ಪಾಚಿಯಲ್ಲೂ ಇಲ್ಲ. ಪಠ್ಯಪುಸ್ತಕಗಳೆಲ್ಲ ಅಲ್ಲಿಗೆ ನಿಂತವು. ನಿಮ್ಮ ಮಗಳ ನೋಟ್ಸು ಆ ಕಾಲದ್ದು.

ಆಮೇಲೆ ಮೂರು ಗುರುತಲ್ಲ, ನೂರಾರು ಜೀನ್‌ಗಳನ್ನು ಒಟ್ಟಿಗೆ ಹೋಲಿಸಲು ಸಾಧ್ಯವಾಯಿತು. 2018ರಲ್ಲಿ ಮಾರ್ಕ್ ಪುಟಿಕ್ ಮತ್ತು ಜೊತೆಗಾರರ ಲೆಕ್ಕದಲ್ಲಿ ಲಿವರ್‌ವರ್ಟ್ ಮತ್ತು ಹಾವಸೆ ಅಕ್ಕತಂಗಿ. ಹಾರ್ನ್‌ವರ್ಟ್ ಸೇರಿ ಮೂರೂ ಒಂದೇ ಕುಟುಂಬವಾಗಿರುವ ಸಾಧ್ಯತೆ ಹೆಚ್ಚು. ಎದುರು ಬದಿಗೆ ಉಳಿದ ಎಲ್ಲ ಗಿಡಮರಗಳ ಕುಟುಂಬ. ಇಬ್ಬರಿಗೂ ಒಬ್ಬಳೇ ಅಜ್ಜಿ. ಅಜ್ಜಿ ಲಿವರ್‌ವರ್ಟ್ ಅಲ್ಲ.

ಇದರ ಪರಿಣಾಮ ನೋಡಿ. ಅಕ್ಕ ಹಾವಸೆಗೆ ಸ್ಟೊಮಾಟಾ ಇದೆ, ದೊಡ್ಡಪ್ಪನ ಮಕ್ಕಳಾದ ಉಳಿದ ಗಿಡಮರಗಳಿಗೂ ಇದೆ, ತಂಗಿ ಲಿವರ್‌ವರ್ಟ್‌ಗೆ ಮಾತ್ರ ಇಲ್ಲ. ಆಗ ತಂಗಿ ಕಳೆದುಕೊಂಡಳು ಎನ್ನುವುದೇ ಸುಲಭದ ವಿವರಣೆ. ಅಂದರೆ ಬಾವಿಗೋಡೆಯ ಆ ಪೊರೆ ಸರಳವಾಗಿಯೇ ಹುಟ್ಟಿದ್ದಲ್ಲ, ಬೇಡದ್ದನ್ನು ಬಿಟ್ಟು ಬಿಟ್ಟು ಸರಳವಾದದ್ದು. ಅದನ್ನು "ಆದಿಮ ಗಿಡ" ಎಂದು ಕರೆಯುವವರ ಜೊತೆ ನನಗೆ ಈಗ ಜಗಳ.

ಹಾಗಾದರೆ ಪಳೆಯುಳಿಕೆ ದಂಡವಾ? ಇಲ್ಲ. ಎರಡು ಕೆಲಸಕ್ಕೆ ಅದೇ ಬೇಕು.

ಒಂದು, ವಯಸ್ಸು. ಡಿಎನ್ಎ ಯಾರು ಯಾರಿಗೆ ಹತ್ತಿರ ಎಂದು ಹೇಳುತ್ತದೆ, ಯಾವಾಗ ಎಂದು ತಾನಾಗಿ ಹೇಳುವುದಿಲ್ಲ. 38.5 ಕೋಟಿ ವರ್ಷದ ಕಲ್ಲಿನಲ್ಲಿ ಲಿವರ್‌ವರ್ಟ್ ಸಿಕ್ಕಿತು ಎಂದರೆ ಆ ಕವಲು ಅದಕ್ಕಿಂತ ಮೊದಲೇ ಒಡೆದಿರಬೇಕು. ಇಂಥ ಹಲವು ಗಡಿಗಳನ್ನು ಹಾಕಿಕೊಂಡು 2018ರಲ್ಲಿ ಇನ್ನೊಂದು ತಂಡ ಲೆಕ್ಕ ಮಾಡಿದಾಗ, ನೆಲದ ಗಿಡಗಳ ಹುಟ್ಟು 51.5 ಕೋಟಿಯಿಂದ 47 ಕೋಟಿ ವರ್ಷಗಳ ನಡುವೆ ಎಲ್ಲೋ ಬಂತು. ಅರ್ಜೆಂಟೀನಾದ ಸ್ಪೋರ್‌ಗಳು ಇದಕ್ಕೆ ಹೊಂದುತ್ತವೆ. 2021ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಿಂದ ಸುಮಾರು 48 ಕೋಟಿ ವರ್ಷದ ಸ್ಪೋರಿನಂಥ ಕಣಗಳು ವರದಿಯಾದವು. ಅವು ಇನ್ನೂ ವಿಚಿತ್ರ, ಅರ್ಧ ಪಾಚಿ ಅರ್ಧ ಗಿಡ ಅನ್ನಿಸುವ ಹಾಗೆ. ನಾಲ್ಕೇ ಅಂತ ಲೆಕ್ಕವಿಲ್ಲ, ಒಟ್ಟಾರೆ ಮುದ್ದೆ.

ಎರಡು, ಬದುಕು. ಹುಳ ತಿಂದ ಗುರುತು ಡಿಎನ್ಎಯಲ್ಲಿ ಸಿಗುವುದಿಲ್ಲ.

ನಿಮ್ಮ ಮೂಲ ಅನುಮಾನಕ್ಕೆ, ಲೋಳೆ ಉಳಿಯುತ್ತದಾ ಎನ್ನುವುದಕ್ಕೆ, ವಿಸ್ಕಾನ್ಸಿನ್‌ನ ಲಿಂಡಾ ಗ್ರಹಾಂ ತಂಡ ಮಾಡಿದ ಪ್ರಯೋಗ ಹೇಳಲೇಬೇಕು. ಈಗಿನ ಮಾರ್ಕಾಂಶಿಯಾ ಬಳಗದ ಗಿಡಗಳನ್ನು ಮಣ್ಣಲ್ಲಿ ಕೊಳೆಸಿದರು, ಬಿಸಿ ಆಮ್ಲದಲ್ಲಿ ಬೇಯಿಸಿದರು. ಕೊನೆಗೂ ಕರಗದೆ ಉಳಿದ ಚರ್ಮದ ಚೂರು, ಬೇರಿನಂಥ ನಳಿಕೆಗಳನ್ನು ನೋಡಿದರೆ, ಹಳೇ ಕಲ್ಲುಗಳಲ್ಲಿ ಯಾರದ್ದೆಂದು ಗೊತ್ತಾಗದೆ ಬಿದ್ದಿದ್ದ ಕೆಲವು ಚೂರುಗಳ ಹಾಗೇ ಇದ್ದವು. 2004ರಲ್ಲಿ ಪ್ರಕಟವಾಯಿತು. ಆ ಚೂರೆಲ್ಲ ಲಿವರ್‌ವರ್ಟ್‌ನದ್ದೇ ಎಂದು ಎಲ್ಲರೂ ಒಪ್ಪಿಲ್ಲ. ಆದರೆ ಲೋಳೆ ಪೂರ್ತಿ ಲೋಳೆಯಲ್ಲ ಎಂದಂತೂ ಆಯಿತು.

ಕರಿಕಲ್ಲು, ಮಂಗಳೂರು

ಅಂಬರ್‌ನಲ್ಲಿ ಇರುವುದನ್ನೂ ಹೇಳಿ ಸರ್. ನಾನು ಫೋಟೋ ನೋಡಿದ್ದೇನೆ, ನಿನ್ನೆ ಬಿದ್ದ ಹಾಗೆ ಉಂಟು.

ಹಳೆ ಲ್ಯಾಬು, ಮಣಿಪಾಲ

ಹೌದು, ಮ್ಯಾನ್ಮಾರ್ ಅಂಬರ್, ಸುಮಾರು 9.9 ಕೋಟಿ ವರ್ಷ. ಮರದ ಅಂಟಿನಲ್ಲಿ ಸಿಕ್ಕಿದ ಫ್ರುಲಾನಿಯಾ, ರಾಡುಲಾ. ಇವು ಎಲೆ ಇರುವ ಲಿವರ್‌ವರ್ಟ್‌ಗಳು. ಈಗಿನ ಜಾತಿಗಳಲ್ಲಿ ಹೆಚ್ಚಿನವು ಈ ಬಗೆಯವೇ. ಆಗುಂಬೆ ಘಾಟಿ ಹತ್ತುವಾಗ ಪೊದೆಗಳ ಎಲೆಯ ಮೇಲೆ ಹಸಿರು ಚುಕ್ಕೆ ಬಲೆಯಂತೆ ಹಬ್ಬಿರುತ್ತದಲ್ಲ, ಅದರಲ್ಲಿ ಇವು ಇರುತ್ತವೆ. ಹೂಬಿಡುವ ಮರಗಳ ಕಾಡು ಹಬ್ಬಿದ ಮೇಲೆ ಇವುಗಳ ಬಗೆಗಳೂ ಹೆಚ್ಚಿದವು. "ಹಳೇ ಗಿಡ" ಎಂದು ಸುಮ್ಮನೆ ಕೂತಿರಲಿಲ್ಲ.

ಬಾವಿಕಟ್ಟೆ, ಉಡುಪಿ

ಮಗಳು ಟೈಪ್ ಮಾಡುತ್ತಿದ್ದೇನೆ. ಸರ್, ಎಣ್ಣೆ ಕೋಶ ನೋಡಬೇಕು ಅನ್ನಿಸಿತು. ನಮ್ಮ ಕಾಲೇಜಿನಲ್ಲಿ ಒಣಗಿಸಿಟ್ಟ ಮಾರ್ಕಾಂಶಿಯಾ ಶೀಟ್ ಉಂಟು, ಅದನ್ನು ನೆನೆಸಿ ನೋಡಿದೆ. ಏನೂ ಕಾಣಲಿಲ್ಲ. ಒಣಗಿಸಿದ್ದರಲ್ಲೇ ಕಾಣದ್ದು 38 ಕೋಟಿ ವರ್ಷದ ಕಲ್ಲಿನಲ್ಲಿ ಹೇಗೆ ಕಾಣುತ್ತದೆ?

ಹಳೆ ಲ್ಯಾಬು, ಮಣಿಪಾಲ

ಭಲೇ, ಅಪ್ಪನಿಗಿಂತ ಒಳ್ಳೆ ಪ್ರಶ್ನೆ.

ಒಣಗಿದರೆ ಎಣ್ಣೆಹನಿ ಮಾಯವಾಗುತ್ತದೆ, ಎಷ್ಟು ನೆನೆಸಿದರೂ ತಿರುಗಿ ಬರುವುದಿಲ್ಲ. ಕಲ್ಲಿನಲ್ಲಿ ಕಾಣುವುದೂ ಎಣ್ಣೆಯಲ್ಲ. ಕಪ್ಪಾದ ಜೀವಕೋಶ. ಅದು ಹರಡಿರುವ ರೀತಿ ಈಗಿನ ಎಣ್ಣೆ ಕೋಶಗಳ ಹಾಗಿದೆ ಎನ್ನುವುದರ ಮೇಲೆ ಆ ತೀರ್ಮಾನ ನಿಂತಿದೆ. ಆ ಗಿಡ ಒಣಗಿ ಬಿದ್ದದ್ದಲ್ಲ, ಒದ್ದೆ ಕೆಸರಿನಲ್ಲಿ ಮುಚ್ಚಿಹೋದದ್ದು ಎನ್ನುವುದೂ ನೆನಪಿರಲಿ. ಆದರೂ ಅದು ಊಹೆಯೇ, ಒಳ್ಳೆಯ ಊಹೆ.

ನೋಡಲು ಮಾರ್ಕಾಂಶಿಯಾ ಹುಡುಕಿಕೊಂಡು ಘಟ್ಟ ಹತ್ತಬೇಡ. ಮಳೆಗಾಲದಲ್ಲಿ ಮನೆ ಹತ್ತಿರದ ಹಲಸಿನದ್ದೋ ಮಾವಿನದ್ದೋ ಕಾಂಡ ನೋಡು. ತೊಗಟೆಗೆ ಒತ್ತಿಕೊಂಡು ಬೆಳೆದ, ಎರಡು ಸಾಲು ಪುಟ್ಟ ಎಲೆಗಳ ಲೆಜೂನಿಯಾ ಸಿಗುತ್ತದೆ. ಇದರಲ್ಲಿ ಎಣ್ಣೆಹನಿ ಅಲ್ಲೊಂದು ಇಲ್ಲೊಂದು ಕೋಶದಲ್ಲಲ್ಲ, ಹೆಚ್ಚು ಕಡಿಮೆ ಎಲ್ಲದರಲ್ಲೂ ಇರುತ್ತದೆ. ಕಿತ್ತ ದಿನವೇ, ಒಂದೇ ಎಲೆ ಬಿಡಿಸಿ, ಬರೀ ನೀರಿನಲ್ಲಿ ಸ್ಲೈಡ್ ಮಾಡು. ಸ್ಪಿರಿಟ್ ತಾಗಿಸಬೇಡ, ಎಣ್ಣೆ ಕರಗುತ್ತದೆ. 10ರ ಲೆನ್ಸ್ ಸಾಲದು, 40ರದ್ದು ಹಾಕು.